ನಳಿಗೆಯಣ್ಣ ಬಿಚ್ಚಿಕೊಂಡದ್ದು

ಗುರುಸಿದ್ದಯ್ಯ ಮೇಷ್ಟ್ರು ನನಗೆ ಮೊದಲು ಹೇಳಿದ ಕಥೆ ಇದು.

ಒಂದು ಜೀವಕೋಶದೊಳಗೆ ಪುಟ್ಟ ಇಟ್ಟಿಗೆಗಳಿಂದ ಕಟ್ಟಿದ ನಳಿಗೆಯೊಂದು ಆ ಕೋಶವೆಂಬ ಮನೆಗೆ ತೊಲೆಯಾಗಿಯೂ ದಾರಿಯಾಗಿಯೂ ನಿಂತಿತ್ತು. ಅದರ ಮೇಲೆ ದಿನವೂ ಹೊರೆ ಹೊತ್ತು ನಡೆಯುತ್ತಿದ್ದ ಪ್ರೋಟೀನ್ ಹಮಾಲನಿಗೆ ಒಂದು ದಿನ ನಳಿಗೆಯ ತುದಿ ಕಳಚುತ್ತಿರುವುದು ಕಂಡಿತು.

"ಅಣ್ಣಾ, ಇದೇನು? ನನ್ನ ಹೊರೆ ಇನ್ನೂ ಮುಟ್ಟಿಲ್ಲ!"

"ಇಳಿಸಿಬಿಡು ತಮ್ಮಾ. ಮನೆ ಎರಡಾಗುವ ಹೊತ್ತು ಬಂತು. ವರ್ಣತಂತುಗಳನ್ನು ಎರಡು ಕಡೆಗೂ ಸಮನಾಗಿ ಎಳೆಯಲು ಹಗ್ಗ ಬೇಕು. ನಾನು ಬಿಚ್ಚಿಕೊಂಡರೇ ಹಗ್ಗವಾಗುವುದು. ದೇವರಿಟ್ಟ ಕಟ್ಟಳೆ."

"ಆಮೇಲೆ ಬರುತ್ತೀಯಲ್ಲ?"

"ನನ್ನ ಇಟ್ಟಿಗೆಗಳು ಬರುತ್ತವೆ."

ಮನೆ ಪಾಲಾಯಿತು. ಹೊಸ ಮನೆಯಲ್ಲಿ ಹೊಸ ನಳಿಗೆ ಎದ್ದಿತು. ಹಮಾಲ ಮುಟ್ಟಿ ನೋಡಿದ; ಇಟ್ಟಿಗೆಗಳೆಲ್ಲ ಹಳೆಯವೇ. "ಅಣ್ಣಾ!" ಎಂದ.

"ಯಾರಪ್ಪಾ ನೀನು? ಹೊರೆ ಹೊರುವವನಾದರೆ ನಡೆ, ಹೊತ್ತಾಯಿತು."

ಹಮಾಲ ಹೊರೆಯೆತ್ತಿದ.

ಪಾಲಾಗುತ್ತಿರುವ ಮನೆಗಳಿಗೆ ಈ ಕಥೆಯನ್ನು ದಯಮಾಡಿ ಮುಟ್ಟಿಸಿರಿ.