ಜೀಪಿನ ಹೊಟ್ಟೆಯ ಅರಿಷಿಣ

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೊಂದು ಹಳೇ ಜೀಪು. ಆ ಜೀಪು ಓಡಿಸಲಿಕ್ಕೆ ಕಲ್ಲಿನಾಥನೆಂಬ ಶಿಷ್ಯ.

ಸುತ್ತಲ ನಾಲ್ಕು ಹಳ್ಳಿಗೆ ಬೇರೆ ಗಾಡಿಯಿರಲಿಲ್ಲ. ಹೆರಿಗೆ ನೋವು ಬಂದರೂ ಸರಿ, ಹಾವು ಕಡಿದರೂ ಸರಿ, ಜನ ಓಡಿ ಬರುತ್ತಿದ್ದದ್ದು ಆಶ್ರಮಕ್ಕೇ.

ಒಂದು ಮಂಗಳವಾರ ಗೌರವ್ವನೆಂಬ ತುಂಬು ಬಸುರಿಯನ್ನು ಕೂರಿಸಿಕೊಂಡು ಹೊರಟ ಜೀಪು ಅರ್ಧ ದಾರಿಯ ಏರಿನಲ್ಲಿ ಬುಸ್ಸೆಂದು ಹಬೆ ಉಗುಳಿ ನಿಂತುಬಿಟ್ಟಿತು. ಇಂಜಿನ್ನು ಕಾದು ಕೆಂಡ. ಗೌರವ್ವ ರಸ್ತೆ ಬದಿಯ ಬೇವಿನ ಮರದ ಕೆಳಗೇ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದದ್ದು ಯಾರ ಪುಣ್ಯವೋ!

ಇಂಜಿನ್ನು ತಣ್ಣಗಾದ ಮೇಲೆ ಕಲ್ಲಿನಾಥ ರೇಡಿಯೇಟರಿನ ಮುಚ್ಚಳ ತೆಗೆದ. ನೀರಿರಬೇಕಾದ ಕಡೆ ಹಳದಿ ರಾಡಿ. ಬೆರಳದ್ದಿ ಮೂಸಿದ. ಅರಿಷಿಣ!

ಯಾರ ಕೆಲಸವೆಂದು ಕೇಳುವ ಹಾಗೇ ಇರಲಿಲ್ಲ. ಅವನಿಗಿಂತ ಮೊದಲು, ಆರು ತಿಂಗಳ ಹಿಂದಿನವರೆಗೂ, ಜೀಪು ಓಡಿಸುತ್ತಿದ್ದವನು ಸಂಗಯ್ಯ. ಆಶ್ರಮದ ಹಿರಿಯ ಶಿಷ್ಯ. ಹಿಂದಿಲ್ಲ ಮುಂದಿಲ್ಲ, ಇಪ್ಪತ್ತು ವರ್ಷದಿಂದ ಅದೇ ಅವನ ಮನೆ.

ಕಲ್ಲಿನಾಥ ಆ ರಾಡಿಯನ್ನು ಚೊಂಬಿನಲ್ಲಿ ಹಿಡಿದು ತಂದು ಗುರುಗಳ ಮುಂದೆ ಕುಕ್ಕಿದ. ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರು ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು.

“ನೋಡ್ರಿ ಅಜ್ಜಾರ, ನಿಮ್ಮ ಹಿರೇ ಶಿಷ್ಯನ ಘನಕಾರ್ಯ! ರೇಡಿಯೇಟರ್ ಸೋರಾಕತ್ತಿತ್ತಂತ ಅರಿಷಿಣ ಪುಡಿ ತುರುಕ್ಯಾನ. ತೂತು ಮುಚ್ಚೇತಿ, ಖರೆ. ಅದರ ಜೋಡಿ ನೀರು ಹರಿಯೋ ದಾರಿನೂ ಮುಚ್ಚೇತಿ. ಆರು ತಿಂಗಳಾತು, ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ ಈ ಪುಣ್ಯಾತ್ಮ!”

ಅಜ್ಜಾರು ಚೊಂಬಿನೊಳಗೆ ಬಗ್ಗಿ ನೋಡಿದರು. ಅವರ ಮುಖವೂ ಕೆಂಪಾಯಿತು.

“ಸಂಗಯ್ಯಾ!”

ಸಂಗಯ್ಯ ಬಂದ. ಚೊಂಬು ನೋಡಿದವನೇ ತಲೆ ತಗ್ಗಿಸಿದ.

“ತಪ್ಪಾತ್ರಿ ಅಜ್ಜಾರ. ಅವತ್ತ ಜ್ವರದ ಪೇಶಂಟ್ ಇತ್ತು. ದಾರ್ಯಾಗ ಮಿಸ್ತ್ರಿ ಸಿಗಲಿಲ್ಲ. ಲಾರಿ ಡ್ರೈವರ್ ಒಬ್ಬಾಂವ ಹೇಳಿದ, ಹಾಕಿದೆ. ಊರಿಗೆ ಬಂದ ಮ್ಯಾಲೆ ರಿಪೇರಿ ಮಾಡಸೋಣಂತ ಬಿಟ್ಟೆ. ಬಿಟ್ಟದ್ದು ಬಿಟ್ಟಂಗ ಉಳೀತು. ಆಮ್ಯಾಲೆ ಹೇಳಾಕ ನಾಚಿಕಿ ಆತು.”

“ನಿನ್ನ ನಾಚಿಕಿ ಸಲುವಾಗಿ ಗೌರವ್ವ ಜೀವಕ್ಕ ಎರವಾಗತಿದ್ದಳಲ್ಲೋ!” ಅಜ್ಜಾರು ಸೊಪ್ಪನ್ನು ಪಕ್ಕಕ್ಕೆ ತಳ್ಳಿದರು. “ಇಪ್ಪತ್ತೊಂದು ದಿವಸ ಆಕಿ ಮನೀಗೆ ಹೊಳಿ ನೀರು ಹೊರು. ಬಾಣಂತಿಗೆ ಎರಿಯೋ ನೀರು, ಕೂಸಿನ ಬಟ್ಟಿ ಒಗಿಯೋ ನೀರು, ಎಲ್ಲಾ ನಿಂದ. ಮನಿ ಮಂದಿ ಬೈದರ ಬೈಸಿಕೋ.”

ಸಂಗಯ್ಯ ಕೊಡ ಎತ್ತಿಕೊಂಡು ಹೋದ.

ಕಲ್ಲಿನಾಥನಿಗೆ ಅಷ್ಟರಿಂದ ಸಮಾಧಾನವಾದೀತೇ? “ನೀರು ಹೊತ್ತರ ಮುಗೀತೇನ್ರಿ? ಹೊರಗ ಹಾಕ್ರಿ ಅವನ್ನ!”

“ಮೊದಲ ಜೀಪು ತೊಳಿ,” ಎಂದರು ಅಜ್ಜಾರು.

ಮಿಸ್ತ್ರಿಯನ್ನು ಕರೆಸಿ ತೂತಿಗೆ ಬೆಸುಗೆ ಹಾಕಿಸಿದ್ದಾಯಿತು. ಇಂಜಿನ್ನಿನ ಒಳಗೆಲ್ಲ ಮೆತ್ತಿಕೊಂಡಿದ್ದ ಹೊಲಸು ಹೋಗಬೇಕಲ್ಲ, ಕಲ್ಲಿನಾಥ ಪೇಟೆಯಿಂದ ಅದನ್ನು ತೊಳೆಯುವ ಮದ್ದಿನ ಎರಡು ಡಬ್ಬಿ ತಂದ. ಅಂಗಡಿಯವನು ಒತ್ತಿ ಒತ್ತಿ ಹೇಳಿದ್ದ: ಮದ್ದು ನೀರಿಗೆ ಸುರಿದು ಇಪ್ಪತ್ತು ನಿಮಿಷ ಇಂಜಿನ್ನು ಓಡಿಸು, ಪೂರಾ ಹೊರಗೆ ಬಿಡು, ತಿಳಿ ಬರುವ ತನಕ ಒಳ್ಳೆ ನೀರು ಹಾಕಿ ತೊಳಿ.

ಮೊದಲ ಡಬ್ಬಿ ಸುರಿದು ಓಡಿಸಿದ. ಕೆಳಗಿನ ಬಿರಡೆ ತಿರುಗಿಸಿದರೆ ಧೋ ಎಂದು ಹಳದಿ ರಾಡಿ. ಅದನ್ನು ನೋಡಿದಷ್ಟೂ ಅವನ ಮೈ ಉರಿಯಿತು.

‘ಇಷ್ಟು ಹೊಲಸಿಗೆ ಇಪ್ಪತ್ತು ನಿಮಿಷ ಯಾವ ಮೂಲೆಗೆ?’ ಎಂದುಕೊಂಡ. ಮತ್ತೆ ನೀರು ತುಂಬಿ, ಎರಡನೇ ಡಬ್ಬಿಯನ್ನೂ ಸುರಿದು ಮುಚ್ಚಳ ಬಿಗಿದ. ‘ಇರ್ಲಿ ಒಳಗ. ಒಂದು ಚೂರೂ ಉಳೀದಂಗ ತಿನ್ನಲಿ.’

ಸಂಗಯ್ಯ ನೀರು ಹೊತ್ತ. ಮೊದಲ ದಿನ ಗೌರವ್ವನ ಅತ್ತೆ ಕೊಡದ ನೀರನ್ನು ಅವನ ಕಾಲಿಗೇ ಚೆಲ್ಲಿ ಬಾಗಿಲು ಹಾಕಿಕೊಂಡಳು. ಅವನು ತಿರುಗಿ ಹೊಳೆಗೆ ಹೋಗಿ ಇನ್ನೊಂದು ಕೊಡ ತಂದ. ಹತ್ತನೇ ದಿನ ಅದೇ ಅತ್ತೆ ಒಂದು ಕಪ್ಪು ಚಹಾ ಕೊಟ್ಟಳು. ಇಪ್ಪತ್ತೊಂದನೇ ದಿನ ಗೌರವ್ವ ತಾನೇ ಎದ್ದು ಬಂದು ಕೂಸನ್ನು ಅವನ ಕೈಗೆ ಕೊಟ್ಟಳು. ಸಂಗಯ್ಯ ಅಲ್ಲೇ ಕೂತು ಅತ್ತುಬಿಟ್ಟ.

ಕಲ್ಲಿನಾಥ ಮಾತ್ರ ಕರಗಲಿಲ್ಲ. ಊಟಕ್ಕೆ ಸಂಗಯ್ಯ ಪಕ್ಕದಲ್ಲಿ ಕೂತರೆ ತಾಟು ಎತ್ತಿಕೊಂಡು ಎದ್ದು ಹೋಗುತ್ತಿದ್ದ. ಆಶ್ರಮಕ್ಕೆ ಯಾರೇ ಬರಲಿ, ಕೈ ತೋರಿಸಿ, “ಇಂವನ ನೋಡ್ರಿ, ಜೀಪಿಗೆ ಅರಿಷಿಣ ಹಚ್ಚಿ ಮದುವಿ ಮಾಡಿದ ಮಹಾಶಯ!” ಎನ್ನುತ್ತಿದ್ದ. ಆ ಸಿಟ್ಟಿನಲ್ಲಿ ಉಂಡ ಅನ್ನ ಕಲ್ಲಿನಾಥನ ಮೈಗೂ ಹತ್ತಲಿಲ್ಲ.

ಇಪ್ಪತ್ತೊಂದು ದಿನ ಮುಗಿದ ಮರುದಿನ ಬೆಳಿಗ್ಗೆ ಕಲ್ಲಿನಾಥ ಅಜ್ಜಾರ ಮುಂದೆ ಬಂದು ನಿಂತ.

“ಒಂದು ತೀರ್ಮಾನ ಮಾಡ್ರಿ ಅಜ್ಜಾರ. ಅವನರ ಇರಬೇಕು, ಇಲ್ಲಾ ನಾನರ ಇರಬೇಕು.”

ಮಾತು ಒಳಗೆ ಸಂಗಯ್ಯನ ಕಿವಿಗೆ ಬಿತ್ತು. ಅವನು ಗಂಟು ಕಟ್ಟಿಕೊಂಡು ಹೊರಗೆ ಬಂದ. “ನನ್ನ ಸಲುವಾಗಿ ಜಗಳ ಬ್ಯಾಡ್ರಿ. ನಾನ ಹೊಂಟೆ.”

“ಎಲ್ಲಿಗೆ?” ಎಂದರು ಅಜ್ಜಾರು.

ಸಂಗಯ್ಯ ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

ಅಜ್ಜಾರು ಕಲ್ಲಿನಾಥನ ಕಡೆ ತಿರುಗಿದರು. “ಹೋಗೋನು ನಡಕೋತ ಯಾಕ ಹೋಗಬೇಕು? ನಿನ್ನ ಕೈಯಾರ ಜೀಪಿನಾಗ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ.”

ಕಲ್ಲಿನಾಥ ಬೀಗದ ಕೈ ತಗೊಂಡು ಬಿರಬಿರನೆ ನಡೆದ. ಜೀಪಿನ ಹತ್ತಿರ ಹೋಗಿ ನೋಡುತ್ತಾನೆ, ಕೆಳಗೆ ನೀರಿನ ಮಡು! ರೇಡಿಯೇಟರಿನಿಂದ ತೊಟತೊಟ ಸೋರುತ್ತಿದೆ. ಹೊಸ ಬೆಸುಗೆ ಸವೆದುಹೋಗಿದೆ.

“ಬರ್ರಿ ಅಜ್ಜಾರ, ಬಂದು ನೋಡ್ರಿ!” ಎಂದು ಕಿರುಚಿದ. “ಮತ್ತ ಏನೋ ಮಾಡ್ಯಾನ ಈ ಮನಿಹಾಳ!”

ಅಜ್ಜಾರು ನಿಧಾನಕ್ಕೆ ಇಳಿದು ಬಂದರು. ಸೋರುವ ನೀರಿಗೆ ಬೆರಳೊಡ್ಡಿದರು. ಹಳದಿ ಇರಲಿಲ್ಲ. ಮೂಗಿಗೆ ಮದ್ದಿನ ಘಾಟು ಹೊಡೆಯಿತು.

“ಈ ಮದ್ದು ಎಷ್ಟೊತ್ತು ಒಳಗಿರಬೇಕಂತ ಹೇಳಿದ್ದಾ ಅಂಗಡ್ಯಾಂವ?”

“ಇಪ್ಪತ್ತು ನಿಮಿಷರಿ.”

“ನೀ ಯಾವಾಗ ಹೊರಗ ಬಿಟ್ಟಿ?”

“ಬಿಟ್ಟಿಲ್ರಿ. ಹೊಲಸು ಭಾಳ ಇತ್ತಂತ ಒಳಗ ಇಟ್ಟೆ.”

“ಯಾರ ಮುಂದರ ಹೇಳಿದ್ದೇನು?”

“ಇಲ್ರಿ.”

“ಈಗ ಇನ್ನೊಬ್ಬ ಗೌರವ್ವ ನೋವು ತಿನ್ಕೋತ ಬಂದರ ಏನು ಮಾಡ್ತಿದ್ದೆಲೇ?”

ಅಜ್ಜಾರು ಗದರಿದ ರೀತಿಗೆ ಕಲ್ಲಿನಾಥ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಅವನದೂ ಸೋಲುವ ಜೀವವಲ್ಲ.

“ಅಲ್ರಿ ಅಜ್ಜಾರ, ಮದ್ದು ಹಾಕಿದ್ದು ತಪ್ಪೇನು?”

“ತಪ್ಪಲ್ಲ. ಅದು ಇಲ್ಲದ ಹೊಲಸು ಹೋಗತಿರಲಿಲ್ಲ. ಬಿರಡಿ ತಿರುವು.”

ಕಲ್ಲಿನಾಥ ಜೀಪಿನ ಕೆಳಗೆ ತೂರಿ ಬಿರಡೆ ತಿರುಗಿಸಿದ. ತುಂಬಲಿಕ್ಕೆ ನೀರು ಬೇಕು. ನೋಡುವಷ್ಟರಲ್ಲಿ ಸಂಗಯ್ಯ ಗಂಟನ್ನು ಕಟ್ಟೆಯ ಮೇಲಿಟ್ಟು, ಕೊಡ ಹೊತ್ತು ಹೊಳೆಯ ಕಡೆ ನಡೆದಾಗಿತ್ತು.

ಒಂದು ಕೊಡ ಸುರಿದರು. ಹರಿದುಹೋಯಿತು. ಇನ್ನೊಂದು. ಮತ್ತೊಂದು. ಸಂಗಯ್ಯ ತರುವುದು, ಕಲ್ಲಿನಾಥ ಇಸಕೊಂಡು ಸುರಿಯುವುದು. ಏಳನೇ ಕೊಡಕ್ಕೆ ತಿಳಿ ನೀರು ಬಂತು.

“ಹೋತ್ರಿ ಅಜ್ಜಾರ,” ಎಂದ ಕಲ್ಲಿನಾಥ, ಕೈ ಒರೆಸಿಕೊಳ್ಳುತ್ತ. “ನಾಳೆ ಮಿಸ್ತ್ರಿ ಬಂದು ಬೆಸದ ಕೂಡ್ಲೇ ಇವನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ.”

ಎಂಟನೇ ಕೊಡ ಹೊತ್ತು ಬಂದಿದ್ದ ಸಂಗಯ್ಯ ನಿಂತಲ್ಲೇ ನಿಂತ. ಅಜ್ಜಾರು ಅವನ ಹೆಗಲಿಂದ ಕೊಡ ಇಳಿಸಿಕೊಂಡರು. ನೇರ ಬಂದು ಅಷ್ಟೂ ನೀರನ್ನು ಕಲ್ಲಿನಾಥನ ನೆತ್ತಿಯ ಮೇಲೆ ಸುರಿದರು.

“ಏನ್ರಿ ಇದು!” ಕಲ್ಲಿನಾಥ ಉಸಿರು ಕಟ್ಟಿ ಕೂಗಿದ. “ನನ್ನ ಮ್ಯಾಲ್ಯಾಕ ಸುರೀತೀರಿ? ತಪ್ಪು ಮಾಡಿದಾಂವ ಅವ!”

ಅಜ್ಜಾರು ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟರು.

“ಹೌದು, ತಪ್ಪು ಅವಂದ. ಅದನ್ನ ಅವ ತೊಳಕೊಂಡ. ಇಪ್ಪತ್ತು ನಿಮಿಷದ ಮದ್ದು ನಿನ್ನೊಳಗ ಇಪ್ಪತ್ತೊಂದು ದಿವಸದಿಂದ ಕುಂತೇತಲ್ಲೋ, ಮಗನ.”