ಶುದ್ಧ ಗಿಳಿಮಾತು

ಊರಿನ ಮಾತು ನುಗ್ಗಿ ತಮ್ಮ ನುಡಿ ಕೆಟ್ಟುಹೋದೀತೆಂದು ಹೆದರಿದ ಕಾಡುಗಿಳಿಗಳು, ಹೊರಗಿನ ಒಂದು ಪದವನ್ನೂ ಆಡಕೂಡದೆಂದು ಕಟ್ಟಪ್ಪಣೆ ಹೊರಡಿಸಿದ್ದವು. ಒಂದು ಸಂಜೆ, ಹಿಂದೆ ಊರಿನ ಪಂಜರದಿಂದ ತಪ್ಪಿಸಿಕೊಂಡು ಬಂದಿದ್ದ ಹೆಣ್ಣುಗಿಳಿಯೊಂದು ಹಿರಿಯ ಗಿಳಿಯ ಬಳಿಗೆ ಹಾರಿಬಂತು.

"ಹಿರಿಯರೇ, ಬೆಕ್ಕು ಮರ ಹತ್ತುತ್ತಿದೆ. ಎಲ್ಲರನ್ನೂ ಎಬ್ಬಿಸಿ."

"ಅದು ಊರಿನ ಪದ. ನಮ್ಮ ಮಾತಿನಲ್ಲಿ ಹೇಳು."

"ನಮ್ಮ ಮಾತಿನಲ್ಲಿ ಅದಕ್ಕೆ ಹೆಸರಿಲ್ಲ. ಈ ಕಾಡಿಗೆ ಅದು ಬಂದದ್ದೇ ಇವತ್ತು."

"ನಮ್ಮ ಮಾತಿನಲ್ಲಿ ಇಲ್ಲದ ಪ್ರಾಣಿ ನಮ್ಮ ಕಾಡಿನಲ್ಲೂ ಇಲ್ಲ," ಎಂದು ಹಿರಿಯ ಗಿಳಿ ಕಣ್ಣು ಮುಚ್ಚಿತು.

ಹೆಣ್ಣುಗಿಳಿ ಕೊಂಬೆಯಿಂದ ಕೊಂಬೆಗೆ ಹಾರಿ ಕೂಗಿ ಹೇಳಿತು. ಆ ಪದ ಕೇಳಿ ಮರಿಗಳು ಕೆಟ್ಟಾವೆಂದು ತಾಯಿಗಿಳಿಗಳು ಅವುಗಳ ಕಿವಿ ಮುಚ್ಚಿದವು. ಬೆಕ್ಕು ನೆಟ್ಟಗೆ ಮೇಲೆ ಬಂದು, ಆಗಷ್ಟೇ ರೆಕ್ಕೆ ಬಲಿತಿದ್ದ ಹಿರಿಯ ಗಿಳಿಯ ಮಗನನ್ನೇ ಹಿಡಿದು ತಿಂದಿತು.

ಮರುದಿನ ಶೋಕಸಭೆ ಸೇರಿತು. ಕೊಂದವರ ಹೆಸರು ಹೇಳುವಂತಿರಲಿಲ್ಲವಾದ್ದರಿಂದ, ಗಿಳಿಗಳ ಕವಿ ಆ ಮಗ ವೃದ್ಧಾಪ್ಯದಿಂದ ತೀರಿಕೊಂಡನೆಂದು ಹಾಡು ಕಟ್ಟಿ ಹಾಡಿತು. ಹಿರಿಯ ಗಿಳಿ ಕಣ್ಣೀರಿಡುತ್ತಲೇ ತಲೆದೂಗಿತು.

ಮರದ ಬುಡದಲ್ಲಿ ಕುಳಿತು ಕೊನೆಯವರೆಗೂ ಕೇಳಿದ ಬೆಕ್ಕು, "ಎಷ್ಟು ಶುದ್ಧವಾದ ಭಾಷೆ. ಇದನ್ನು ಹೀಗೇ ಕಾಪಾಡಿಕೊಂಡು ಬನ್ನಿ," ಎಂದಿತು.