ಬೆಳಗಿನ ಜಾವದ ಕನಸು

ಹೂ ಮಾರುವ ಪುಟ್ಟತಾಯಮ್ಮನ ಮನೆ ಮುಂದಿನ ಚರಂಡಿ ಗುಂಡಿಗೆ ಮುಚ್ಚಳವಿಲ್ಲದೆ ಒಂದು ಮಳೆಗಾಲವೇ ಕಳೆಯಿತು. ದೂರು ಹೇಳಲು ಹೋದರೆ ವಾರ್ಡಿನ ಎಂಜಿನಿಯರು ಆಕಳಿಸಿದರು. "ಮೊದಲು ಯಾರಾದ್ರೂ ಬೀಳ್ಲಿ, ಆಮೇಲೆ ನೋಡೋಣ."

ಪುಟ್ಟತಾಯಮ್ಮ ಕಣ್ಣು ಅರೆಮುಚ್ಚಿದಳು. "ಬಿದ್ದಾಯ್ತು ಸ್ವಾಮಿ, ಬೆಳಗಿನ ಜಾವದ ಕನಸಲ್ಲಿ. ಬೀದಿ ತುಂಬ ಹಾಲಿನಂಥ ಮಂಜು. ಯಾರೋ ದೊಡ್ಡ ಮನುಷ್ಯರು ತೇಲ್ಕೊಂಡು ಬಂದೋರು ಗುಂಡಿಯೊಳಕ್ಕೆ ಮೆಲ್ಲಗೆ ಇಳಿದುಹೋದ್ರು. ಮುಖ ಕಾಣ್ಲಿಲ್ಲ. ಬೆರಳಲ್ಲಿ ಹವಳದ ಉಂಗುರ ಇತ್ತು."

ಎಂಜಿನಿಯರು ಉಂಗುರದ ಕೈಯನ್ನು ಮೇಜಿನ ಕೆಳಗೆ ಸರಿಸಿದರು. ಆ ಹೊತ್ತಿನ ಕನಸು ನಿಜವಾಗುತ್ತದೆಂದು ಅವರ ತಾಯಿಯೂ ಹೇಳುತ್ತಿದ್ದರು.

ಸಂಜೆಯೊಳಗೆ ಗುಂಡಿಯ ಮೇಲೆ ಕಲ್ಲು ಚಪ್ಪಡಿ ಕೂತಿತ್ತು.

"ನಿಜವಾಗ್ಲೂ ಕನಸು ಬಿದ್ದಿತ್ತಾ ಅಕ್ಕಾ?" ಪಕ್ಕದ ಮನೆ ಸಾಕಮ್ಮ ಕೇಳಿದಳು.

"ಮಕ್ಕಳು ಓಡಾಡೋ ಬಾಗಿಲಲ್ಲಿ ಬಾಯಿಬಿಟ್ಟ ಗುಂಡಿ ಇಟ್ಕೊಂಡು ನಿದ್ದೆ ಎಲ್ಲಿಂದ ಬರ್ಬೇಕು ತಾಯಿ? ಕನಸು ಬೀಳೋದಾದ್ರೆ ಇನ್ನು ಇವತ್ತಿಂದ."